ಬಟ್ಟೆಯ ಮೇಲಿನ ಕೋಳಿ

ಬ್ಲಿಯಾ ಹೊಲಿದ ಕೋಳಿಗೆ ಬಾಲದಲ್ಲೇ ಇಪ್ಪತ್ತೊಂದು ಗರಿಗಳಿದ್ದವು. ಎಣಿಸಿದವಳು ಅವಳ ಅಣ್ಣನ ಮಗಳು ಗೌನು.

"ಅತ್ತೆ, ಇದು ಹೊಲಕ್ಕೆ ಬರಬಾರದ ಕೋಳಿ. ಇಷ್ಟು ಚೆಂದ ಮಾಡಿದ್ರೆ ಜನ ಕೈಬೀಸಿ ಕರೀತಾರೆ," ಎಂದಳು.

"ಕೋಳಿ ಅಂದ್ಮೇಲೆ ಕೋಳಿ ಥರ ಇರ್ಬೇಕು. ನಿಮ್ಮ ಆಫೀಸಿನ ಪುಸ್ತಕದಲ್ಲಿರೋದು ಏನದು? ಚಪ್ಪಲಿಗೆ ಕಾಲು ಬಂದ ಹಾಗಿದೆ."

ಗೌನು ನಕ್ಕಳು. ಆಮೇಲೆ ಕೆಂಪು ದಾರದ ಉಂಡೆಯನ್ನು ಅತ್ತೆಯ ಮುಂದಿಟ್ಟಳು. ಕೋಳಿಯ ಮೇಲೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಬರಬೇಕಾಗಿತ್ತು, ಕತ್ತರಿ ಹಾಕಿದ ಹಾಗೆ. ಬ್ಲಿಯಾ ಸೂಜಿಯನ್ನು ಕೆಳಗಿಟ್ಟಳು.

"ಜೀವ ಇರೋದರ ಮೇಲೆ ಗೆರೆ ಎಳೀಬೇಕಾ?"

"ದಾರದ ಕೋಳಿ ಅತ್ತೆ ಇದು."

"ನಾನು ಇವತ್ತಿನವರೆಗೆ ಕೋಳಿ ಇಲ್ಲದ ಹೊಲ ಹೊಲಿದಿಲ್ಲ. ಗುಡ್ಡದ ಮೇಲೆ ಕೋಳಿ ಇಲ್ಲದ ಹೊಲ ಅಂದ್ರೆ ಜನ ಬಿಟ್ಟು ಓಡಿಹೋದ ಹೊಲ."

"ಅದು ಲಾವೋಸ್. ಇದು ಮಿನ್ನೆಸೋಟಾ. ಕೋಳಿ ಹಿಕ್ಕೆ ಸೊಪ್ಪಿನ ಮೇಲೆ ಬೀಳುತ್ತೆ, ಆ ಸೊಪ್ಪನ್ನ ಶಾಲೆ ಮಕ್ಕಳು ಬೇಯಿಸದೆ ತಿಂತಾರೆ. ಆಮೇಲೆ?"

ಬೇಯಿಸದೆ ಸೊಪ್ಪು ತಿನ್ನುವ ಜನ ಬ್ಲಿಯಾಳಿಗೆ ಎಂದೂ ಅರ್ಥವಾಗಿರಲಿಲ್ಲ. ಆದರೆ ಮಕ್ಕಳಿಗೆ ಭೇದಿಯಾಗುವುದು ಅರ್ಥವಾಗುತ್ತಿತ್ತು. ಥಾಯ್ಲೆಂಡಿನ ನಿರಾಶ್ರಿತರ ಶಿಬಿರದಲ್ಲಿ ಒಂದೇ ತಿಂಗಳಲ್ಲಿ ಅವಳ ಇಬ್ಬರು ಹೆಣ್ಣುಮಕ್ಕಳು ವಾಂತಿಭೇದಿಯಿಂದ ಸತ್ತಿದ್ದರು. ಯಾವ ನೀರಿನಿಂದ, ಯಾರ ಕೈಯಿಂದ ಬಂದದ್ದು ಎಂದು ಅಂದು ಹೇಳಿಕೊಡುವವರು ಇರಲಿಲ್ಲ. ಅವಳು ಸೂಜಿ ಎತ್ತಿಕೊಂಡು ಕೆಂಪು ದಾರ ಪೋಣಿಸಿದಳು. ಎರಡು ಗೆರೆಗಳನ್ನೂ ಬಿಗಿಯಾಗಿ, ಒತ್ತೊತ್ತಾದ ಹೊಲಿಗೆಯಲ್ಲಿ ಹಾಕಿದಳು. ಒಪ್ಪಿಕೊಂಡ ಕೆಲಸದಲ್ಲಿ ಅರೆಮನಸ್ಸು ಅವಳಿಗೆ ಗೊತ್ತಿರಲಿಲ್ಲ.

ಸೇಂಟ್ ಪಾಲ್ ನಗರದಿಂದ ದಕ್ಷಿಣಕ್ಕೆ ಅರ್ಧ ಗಂಟೆಯ ದಾರಿಯಲ್ಲಿ ಒಂದು ಸಂಘದ ಜಮೀನಿತ್ತು. ಲಾವೋಸಿನ ಗುಡ್ಡಗಳಿಂದ ಬಂದ ಹದಿನೇಳು ಹ್ಮಾಂಗ್ ಜನಾಂಗದ ಕುಟುಂಬಗಳು ಅದನ್ನು ತುಂಡು ತುಂಡಾಗಿ ಗೇಣಿಗೆ ಹಿಡಿದು ತರಕಾರಿ ಬೆಳೆಯುತ್ತಿದ್ದವು. ತೊಳೆಯುವ ಕಟ್ಟೆ ಒಂದೇ, ತಂಪುಕೋಣೆ ಒಂದೇ. ಸುತ್ತಲಿನ ಶಾಲೆಗಳ ಊಟಕ್ಕೆ ತರಕಾರಿ ಕೊಡುವ ಅವಕಾಶ ಬಂದಾಗ ಜೊತೆಗೇ ತಪಾಸಣೆಯೂ ಬಂತು. ಹದಿನೇಳರಲ್ಲಿ ಒಬ್ಬರು ತಪ್ಪಿದರೂ ಎಲ್ಲರ ತರಕಾರಿಯೂ ನಿಲ್ಲುತ್ತಿತ್ತು. ಗೌನು ಜಿಲ್ಲೆಯ ಕೃಷಿ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಳು. ತನ್ನ ಜನಕ್ಕೆ ಕೈ ತೊಳೆಯುವುದರಿಂದ ಹಿಡಿದು ಗೊಬ್ಬರ ಹಾಕುವವರೆಗೆ ಎಲ್ಲವನ್ನೂ ಕಲಿಸುವುದು ಅವಳ ಪಾಲಿಗೆ ಬಂದಿತ್ತು.

ಮೊದಲ ವರ್ಷ ಪುಸ್ತಕ ಹಂಚಿದಳು. ಹ್ಮಾಂಗ್ ಭಾಷೆಯಲ್ಲೇ ಅಚ್ಚಾದ ಪುಸ್ತಕ. ಅರವತ್ತು ದಾಟಿದವರಲ್ಲಿ ತಮ್ಮ ಭಾಷೆಯನ್ನೇ ಓದಲು ಬರುವವರು ಇಬ್ಬರೋ ಮೂವರೋ. ಉಳಿದವರು ಪುಸ್ತಕವನ್ನು ಮರ್ಯಾದೆಯಿಂದ ಎರಡೂ ಕೈಯಲ್ಲಿ ತೆಗೆದುಕೊಂಡು, ಮನೆಗೆ ಹೋಗಿ ಬಿಸಿ ಪಾತ್ರೆಯ ಅಡಿಗಿಟ್ಟರು. ಪಾಠದ ಹೊತ್ತಿನಲ್ಲಿ ಎಲ್ಲದಕ್ಕೂ ತಲೆಯಾಡಿಸುತ್ತಿದ್ದರು. ಅದು ಒಪ್ಪಿಗೆಯಲ್ಲ, ಹೇಳುವವರ ಮುಖ ಉಳಿಸುವ ರೀತಿ ಎಂದು ಗೌನುವಿಗೆ ತಿಳಿದಿತ್ತು. ಆಗ ಅವಳಿಗೆ ಅತ್ತೆಯ ನೆನಪಾಯಿತು. ಶಿಬಿರದಲ್ಲಿ ಬ್ಲಿಯಾ ಹನ್ನೊಂದು ವರ್ಷ ಕಥೆಯ ಬಟ್ಟೆಗಳನ್ನು ಹೊಲಿದು ಮಾರಿದವಳು: ಜೋಳದ ಗದ್ದೆ, ಸೈನಿಕರು, ಹೊಳೆ ದಾಟುವ ಜನ, ನೀರಿನಲ್ಲಿ ತೇಲುವ ಬಿದಿರು. ಆ ಬಟ್ಟೆಯನ್ನು ಓದಲು ಯಾರಿಗೂ ಕಲಿಸಬೇಕಾಗಿರಲಿಲ್ಲ.

ಹನ್ನೆರಡು ಚೌಕಗಳ ಬಟ್ಟೆ ಆ ಚಳಿಗಾಲದಲ್ಲಿ ತಯಾರಾಯಿತು. ಸೋಪಿನ ಕೈ, ಮುಚ್ಚಳವಿರುವ ನೀರಿನ ತೊಟ್ಟಿ, ಜ್ವರ ಬಂದವನು ಮನೆಯಲ್ಲೇ ಮಲಗಿರುವುದು, ಹಳೆಯದಾದ ಗೊಬ್ಬರದ ಗುಡ್ಡೆ, ನಾಯಿ, ಕೋಳಿ. ವಸಂತದ ತರಬೇತಿಯಲ್ಲಿ ಗೌನು ಅದನ್ನು ಗೋಡೆಗೆ ತೂಗುಹಾಕಿದಾಗ ಹಿಂದಿನ ಸಾಲಿನವರು ಎದ್ದು ಮುಂದೆ ಬಂದರು.

"ಈ ಸೋಮಾರಿ ಯಾರು, ಹಾಸಿಗೆ ಹಿಡಿದಿರೋನು?" ಎಂದು ಒಬ್ಬಳು ಕೇಳಿದಳು.

"ನಿನ್ನ ಗಂಡ ಕಣೆ. ಮೂಗು ಕಾಣಲ್ವಾ?"

ಬ್ಲಿಯಾಳ ಗಂಡ ಚೆರ್ ಪಾವ್ ಕೋಳಿಯ ಚೌಕದ ಹತ್ತಿರ ನಿಂತು ಗಲ್ಲ ಕೆರೆದುಕೊಂಡ. "ನಲವತ್ತೈದು ವರ್ಷ ಇವಳ ಕೈ ಅಡುಗೆ ಉಂಡಿದ್ದೀನಿ. ನೋಡಿ, ನನಗಿಂತ ಈ ಕೋಳಿಗೇ ಚೆನ್ನಾಗಿ ಬಡಿಸಿದ್ದಾಳೆ," ಎಂದ. ಕೋಣೆಯೆಲ್ಲ ನಕ್ಕಿತು. ಬ್ಲಿಯಾ ಬಗ್ಗಿ ಚಪ್ಪಲಿ ಸರಿಮಾಡಿಕೊಂಡಳು. ಅವನು ತೆಳ್ಳಗಿನ, ಮಾತಿನ ಮನುಷ್ಯ. ಮೊಳದುದ್ದದ ಅಲಸಂದೆಗೆ ಕಂಬ ನೆಟ್ಟು ದಾರ ಕಟ್ಟುವುದರಲ್ಲಿ ಆ ಹದಿನೇಳು ಕುಟುಂಬಗಳಲ್ಲಿ ಅವನ ಸಮ ಯಾರೂ ಇರಲಿಲ್ಲ.

ಆ ವರ್ಷ ಜನ ಕಲಿತರು. ಜೂನ್‌ನಲ್ಲಿ ಒಂದು ಕುಟುಂಬದ ನಾಯಿ ಸೌತೆಯ ಸಾಲಿನಲ್ಲಿ ಅಡ್ಡಾಡಿದ್ದು ತಪಾಸಣೆಯವನ ಕಣ್ಣಿಗೆ ಬಿದ್ದು, ಹದಿನೇಳೂ ಕುಟುಂಬಗಳ ತರಕಾರಿ ಮೂರು ವಾರ ನಿಂತಿತು. ಆ ನಾಯಿಯ ಯಜಮಾನಿ ಆಮೇಲೆ ತೊಳೆಯುವ ಕಟ್ಟೆಗೆ ಎಲ್ಲರೂ ಹೋದ ಮೇಲೆ ಬರುತ್ತಿದ್ದಳು. ಯಾರೂ ಅವಳಿಗೆ ಒಂದು ಮಾತು ಅಂದಿರಲಿಲ್ಲ. ಅನ್ನದೆ ಇದ್ದದ್ದೇ ಅವಳಿಗೆ ಸಾಕಾಗಿತ್ತು. ಬ್ಲಿಯಾ ಅದನ್ನು ನೋಡಿದ್ದಳು.

ಜುಲೈ ಎರಡನೆಯ ವಾರ, ಬೆಳಿಗ್ಗೆ ಹತ್ತರ ಹೊತ್ತಿಗೆ, ಪಕ್ಕದ ಜೋಳದ ಹೊಲಕ್ಕೆ ಔಷಧಿ ಹೊಡೆಯುವ ಹಳದಿ ವಿಮಾನ ಬಂತು. ಮರಗಳ ತಲೆ ಸವರಿಕೊಂಡು ಬಂದು, ತಿರುಗುವಾಗ ಸಂಘದ ಜಮೀನಿನ ಮೇಲೆ ತೀರಾ ಕೆಳಗೆ ಹಾದುಹೋಯಿತು. ಬ್ಲಿಯಾ ತೊಳೆಯುವ ಕಟ್ಟೆಯ ಹತ್ತಿರ ಕೊತ್ತಂಬರಿ ಕಟ್ಟುತ್ತಿದ್ದಳು. ತಲೆ ಎತ್ತಿ ನೋಡಿದಾಗ ಅಲಸಂದೆ ಕಂಬಗಳ ನಡುವೆ ಗಂಡನ ಟೋಪಿ ಕಾಣಲಿಲ್ಲ.

ಎರಡು ಸಾಲುಗಳ ನಡುವೆ ಅವನು ಬೋರಲಾಗಿ ಬಿದ್ದಿದ್ದ. ಬಾಯಿಯ ತುಂಬ ಮಣ್ಣು. ಹದಿನಾಲ್ಕನೆಯ ವಯಸ್ಸಿನಲ್ಲಿ, ಲಾವೋಸಿನ ಯುದ್ಧದ ಕಾಲಕ್ಕೆ, ಗುಡ್ಡದ ಮೇಲಿನ ಅವರ ಹೊಲಕ್ಕೆ ವಿಮಾನ ಬಂದು ಹೋದ ಮೇಲೆ ಎದ್ದು ನಿಂತವನು ಅವನೊಬ್ಬನೇ. ಹೆಂಡತಿಗೆ ಅದನ್ನು ಒಮ್ಮೆ ಮಾತ್ರ ಹೇಳಿದ್ದ. ಈಗ ಅವಳು ತೋಳು ಹಿಡಿದು ಎಬ್ಬಿಸಿದಳು. ಪಕ್ಕದ ಸಾಲಿನ ಹೆಂಗಸರು ಏನೋ ತಮಾಷೆ ಎಂದುಕೊಂಡು ನಕ್ಕರು. ಅವನೂ ನಗಲು ನೋಡಿದ. ನಗು ಬರಲಿಲ್ಲ.

ಅಂದಿನಿಂದ ಅವನ ಮಾತು ನಿಂತಿತು. ತಟ್ಟೆಯ ಮುಂದೆ ಕುಳಿತರೆ ಎರಡು ತುತ್ತು. ಹಗಲೆಲ್ಲ ನಿದ್ದೆ. ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಎದೆಗೆ ತಂತಿ ಅಂಟಿಸಿದರು, ತಲೆಯ ಚಿತ್ರ ತೆಗೆದರು. ಎಲ್ಲ ಸರಿಯಾಗಿದೆ, ಮನಸ್ಸು ಕುಗ್ಗಿದೆ ಎಂದು ಮಾತ್ರೆ ಬರೆದುಕೊಟ್ಟರು. ಅವನು ಮಾತ್ರೆಯನ್ನು ತಪ್ಪದೆ ನುಂಗಿದ. ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಹಗ್ಗ ಕಟ್ಟಬೇಕಾಯಿತು.

"ಫೆಂಗನ ಅಪ್ಪಾ, ಏನಾದ್ರೂ ಹೇಳು. ಬೈಯಾದ್ರೂ ಬೈ," ಎಂದಳು ಬ್ಲಿಯಾ ಒಂದು ದಿನ. ಫೆಂಗ್ ಅವರ ಮಗ, ಅದೇ ಮನೆಯಲ್ಲಿದ್ದು ಮರದ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದ.

ಚೆರ್ ಪಾವ್ ಅವಳನ್ನು ನೋಡಿದ. ಯಾರ ಮನೆಗೋ ಬಂದ ನೆಂಟ, ಹೇಳದೆ ಹೊರಡುವುದು ಹೇಗೆಂದು ಕಾಯುತ್ತಿರುವವನ ಹಾಗೆ ನೋಡಿದ.

ಜುಲೈ ಮುಗಿಯುವ ಮೊದಲು ಜೀವ ಕರೆಯಲು ವಾ ಚೂ ಹೆರ್ ಎಂಬ ಹಿರಿಯರನ್ನು ಮನೆಗೆ ಕರೆಸಿದರು. ಹೆದರಿಕೆಯಲ್ಲಿ ಮೈಯಿಂದ ಜಾರಿದ ಜೀವವನ್ನು ಹೆಸರು ಹಿಡಿದು ಕರೆದು ಮನೆಗೆ ತರುವುದು ಅವರ ವಿದ್ಯೆ. ಅವರು ಮುಂಬಾಗಿಲು ತೆರೆಸಿ, ಹೊಸಿಲಿನಲ್ಲಿ ಚೆರ್ ಪಾವ್‌ನ ಅಂಗಿ, ಅಕ್ಕಿಯ ಬಟ್ಟಲಿನಲ್ಲಿ ನಿಲ್ಲಿಸಿದ ಮೊಟ್ಟೆ, ಊದುಬತ್ತಿ, ಕಾಲು ಕಟ್ಟಿದ ಜೀವಂತ ಕೋಳಿ ಇಟ್ಟುಕೊಂಡು ಬೀದಿಯ ಕಡೆ ಮುಖ ಮಾಡಿ ಕರೆದರು. ಜೀವ ಬಂತೋ ಇಲ್ಲವೋ ಎಂದು ತಿಳಿಯಲು, ಉದ್ದಕ್ಕೆ ಸೀಳಿದ ಎಮ್ಮೆ ಕೊಂಬಿನ ಎರಡು ಹೋಳುಗಳನ್ನು ನೆಲಕ್ಕೆ ಹಾಕಿದರು. ಬೀಳಬೇಕಾದ ಹಾಗೆ ಬೀಳಲಿಲ್ಲ. ಏಳು ಸಲ ಹಾಕಿದರು.

"ಬಾಗಿಲಿನಿಂದ ಕರೆದ್ರೆ ಕೇಳಿಸ್ತಿಲ್ಲ," ಎಂದರು ಕೊನೆಗೆ. "ಇವನು ಬಿದ್ದ ಜಾಗದಲ್ಲೇ ಕೂತುಬಿಟ್ಟಿದ್ದಾನೆ. ಅಲ್ಲಿಗೇ ಹೋಗ್ಬೇಕು. ಇದೇ ಅಂಗಿ, ಮೊಟ್ಟೆ, ಒಂದು ಹುಂಜ, ಒಂದು ಹೇಟೆ. ಇವನ್ನೆಲ್ಲ ಅದೇ ಮಣ್ಣಿನ ಮೇಲೆ ಇಟ್ಟು ಕರೆದು, ಜೀವದ ಕೈ ಹಿಡಿದು ಕರ್ಕೊಂಡು ಬರ್ಬೇಕು. ಹಿಮಕ್ಕೆ ನೆಲ ಗಟ್ಟಿಯಾಗೋ ಮೊದಲು."

"ಹೊಲಕ್ಕಾ? ಕೋಳೀನಾ?" ಎಂದಳು ಬ್ಲಿಯಾ.

"ಮತ್ತೆ? ಬರೀ ಬಾಯಲ್ಲಿ ಕರೆದ್ರೆ ಯಾವ ಜೀವ ಬರುತ್ತೆ? ದಾರಿ ತೋರಿಸೋದು ಕೋಳಿ ತಾನೆ."

ಅಲಸಂದೆಯ ಕೊಯ್ಲು ಅದೇ ವಾರ ಶುರುವಾಗಿತ್ತು. ಕೊಯ್ದದ್ದು ಕೊಯ್ದ ಹಾಗೆ ಶಾಲೆಗಳ ಬೇಸಿಗೆ ಊಟಕ್ಕೆ ಹೋಗುತ್ತಿತ್ತು.

ಅಪ್ಪನ ಪಕ್ಕದಿಂದ ಎದ್ದು ಬಂದ ಫೆಂಗ್, "ಅಮ್ಮ, ಗೌನುಗೆ ಒಂದು ಮಾತು ಹೇಳೋಣ," ಎಂದ.

"ಹೇಳಿದ್ರೆ ಅವಳು ಆಫೀಸಿಗೆ ವರದಿ ಬರೆಯಬೇಕಾಗುತ್ತೆ. ಬರೆದ್ರೆ ಹದಿನೇಳು ಮನೆ ಕೂತ್ಕೋಬೇಕು. ಬರೀದೆ ಬಿಟ್ರೆ ಅವಳ ಕೆಲಸ ಹೋಗುತ್ತೆ. ಎರಡರಲ್ಲಿ ಯಾವುದು ಮಾಡು ಅಂತ ನನ್ನ ಅಣ್ಣನ ಮಗಳಿಗೆ ಹೇಳ್ಲಿ?"

"ಹಾಗಾದ್ರೆ ಯಾರಿಗೂ ಹೇಳ್ದೆ ಹೋಗಿ ಬರೋಣ."

"ಆ ಗೆರೆ ಹಾಕಿದ್ದು ಯಾರ ಕೈ?" ಎಂದಳು ಬ್ಲಿಯಾ.

ಆದರೂ ಅವಳು ಕೇಳಿದಳು. ಕೇಳಲಿಲ್ಲ ಎಂದು ಆಮೇಲೆ ಯಾರೂ ಹೇಳುವಂತಿರಲಿಲ್ಲ. ಆಗಸ್ಟ್ ಮೊದಲ ವಾರದಲ್ಲಿ, ದೊಡ್ಡ ತಪಾಸಣೆಗೆ ಮುಂಚೆ, ಗೌನು ಶೆಡ್ಡಿನಲ್ಲಿ ಎಲ್ಲರನ್ನೂ ಸೇರಿಸಿ ಬಟ್ಟೆಯನ್ನು ಮತ್ತೊಮ್ಮೆ ತೋರಿಸಿದಳು. ಅಂದು ಕಚೇರಿಯ ಮೇಲಧಿಕಾರಿ ಅವಳ ಪಕ್ಕದಲ್ಲಿ ನಿಂತಿದ್ದ. ಎತ್ತರದ, ಸಭ್ಯ ಮನುಷ್ಯ. ಕೈಯಲ್ಲಿ ಬರೆಯುವ ಹಲಗೆ. ಗೌನು ಕೋಳಿಯ ಚೌಕ ಮುಗಿಸಿ ಮುಂದಿನದಕ್ಕೆ ಕಡ್ಡಿ ಇಡುವಷ್ಟರಲ್ಲಿ ಬ್ಲಿಯಾ ಬಾಯಿ ತೆರೆದಳು. ಎರಡು ವರ್ಷದ ಪಾಠಗಳಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ ಅದು.

"ಒಬ್ಬರಿಗೆ ಕೋಳಿ ತರಲೇಬೇಕಾಗಿ ಬಂದ್ರೆ?"

ಯಾರಿಗೋ ಬಂದದ್ದು ಎನ್ನುವ ಹಾಗೆ ಕೇಳಿದಳು. ತನ್ನ ಮನೆಯ ಕಷ್ಟವನ್ನು ನಾಲ್ಕು ಜನರ ಮುಂದೆ ತನ್ನದೆಂದು ಕೇಳುವುದು ಅವರಲ್ಲಿ ಇಲ್ಲ.

ಗೌನು ಒಂದು ಗಳಿಗೆ ಅತ್ತೆಯ ಮುಖ ನೋಡಿದಳು. ಮೇಲಧಿಕಾರಿ, ಏನಂತೆ ಎಂದು ಅವಳ ಕಡೆ ಬಗ್ಗಿದ.

"ಯಾಕೆ ತರ್ಬೇಕು ಅತ್ತೆ? ಅಲಸಂದೆ ಕಾಯೋದಕ್ಕೆ ಕೂಲಿ ಆಳು ಸಿಗ್ಲಿಲ್ವಾ?" ಎಂದಳು ಗೌನು.

ಶೆಡ್ಡೆಲ್ಲ ನಕ್ಕಿತು. ನಾಯಿಯ ಯಜಮಾನಿಯೂ ನಕ್ಕಳು. ಅಷ್ಟು ದಿನದ ಮೇಲೆ ಅವಳಿಗೆ ಎಲ್ಲರ ಜೊತೆ ನಗುವ ಅವಕಾಶ ಸಿಕ್ಕಿತ್ತು. ಬ್ಲಿಯಾ ಕೂಡ ನಕ್ಕು ತಲೆಯಾಡಿಸಿದಳು. ಗೌನುವಿನ ಕಡ್ಡಿ ಮುಂದಿನ ಚೌಕಕ್ಕೆ ಹೋಯಿತು.

ಮನೆಗೆ ಬಂದವಳು ಮಗನಿಗೆ, "ಕೇಳ್ದೆ. ಆಗಲ್ಲ," ಎಂದಳು.

ಅಲ್ಲಿಂದ ಮುಂದೆ ಅವಳು ತನ್ನದೇ ಒಂದು ಗಡುವು ಇಟ್ಟುಕೊಂಡಳು. ಕೊನೆಯ ಕೊಯ್ಲು ಆದ ಮೇಲೆ ಆ ಹೊಲದಿಂದ ಯಾವ ಮಗುವಿನ ಬಾಯಿಗೂ ಏನೂ ಹೋಗುವುದಿಲ್ಲ. ಆಗ ಕೋಳಿ ತಂದರೆ ಯಾರಿಗೂ ಕೇಡಿಲ್ಲ, ಬಟ್ಟೆಯ ಮೇಲಿನ ಗೆರೆಯೂ ಕೆಡುವುದಿಲ್ಲ. ಕೊಯ್ಲು ಅಕ್ಟೋಬರ್ ನಡುವಿಗೆ ಮುಗಿಯುತ್ತದೆ, ನೆಲ ಗಟ್ಟಿಯಾಗುವುದು ನವೆಂಬರಿನಲ್ಲಿ. ನಡುವೆ ಸಿಗುವ ದಿನಗಳು ಸಾಕು ಎಂದುಕೊಂಡಳು. ಗಂಡ ಬಿದ್ದ ಜಾಗವನ್ನು ಗುರುತಿಟ್ಟುಕೊಂಡಳು: ನೀರಿನ ಕೊಳವೆಯಿಂದ ಆರನೆಯ ಸಾಲು, ಒಂಬತ್ತನೆಯ ಕಂಬ, ತುದಿ ಸೀಳಿದ್ದು. ಪ್ರತಿ ದಿನ ಅಲಸಂದೆ ಕೊಯ್ಯುವಾಗ ಆ ಕಂಬದ ಹತ್ತಿರ ಬಂದು, ಯಾರೂ ನೋಡದಾಗ ಮಾತಾಡುತ್ತಿದ್ದಳು.

"ಸ್ವಲ್ಪ ತಡ್ಕೋ. ಇನ್ನು ಎಂಟು-ಹತ್ತು ವಾರ. ಎಲ್ಲೂ ಹೋಗ್ಬೇಡ, ಇಲ್ಲೇ ಇರು. ನೆರಳಿದೆ, ನೀರಿದೆ."

ಎರಡು ಬೆರಳ ಅಗಲದ ಅಲಸಂದೆ ಎಲೆ ಗಾಳಿಗೆ ಅಲುಗಿದರೆ ಅದನ್ನೇ ಉತ್ತರವೆಂದು ತಿಳಿದುಕೊಂಡಳೋ ಏನೋ. ಹೇಳಲಿಲ್ಲ.

ಆಗಸ್ಟ್ ಕೊನೆಯಲ್ಲಿ ದೊಡ್ಡ ತಪಾಸಣೆ ಆಯಿತು. ಒಂದು ತಪ್ಪೂ ಸಿಗಲಿಲ್ಲ. ತಪಾಸಣೆಯವನು ಗೋಡೆಯ ಬಟ್ಟೆಯ ಫೋಟೋ ತೆಗೆದುಕೊಂಡ. ಶಾಲೆಗಳು ತೆರೆದವು, ಹದಿನೇಳೂ ಕುಟುಂಬಗಳ ತರಕಾರಿ ಹೋಯಿತು. ಗೌನು ಅತ್ತೆಗೆ ಫೋನು ಮಾಡಿ, "ನಿಮ್ಮ ಕೋಳಿ ಗೆದ್ದುಬಿಡ್ತು ಅತ್ತೆ. ಮಾವ ಹೇಗಿದ್ದಾರೆ? ಮಾತ್ರೆ ತಗೋತಿದ್ದಾರಾ?" ಎಂದಳು.

"ತಗೋತಿದ್ದಾರೆ."

ಸೆಪ್ಟೆಂಬರಿನಲ್ಲಿ ಚೆರ್ ಪಾವ್ ಹಾಸಿಗೆ ಹಿಡಿದ. ಬ್ಲಿಯಾ ಹೊಲಕ್ಕೆ ಹೋಗುವುದು ನಿಂತಿತು. ಕೊಯ್ಲನ್ನು ಫೆಂಗ್ ಕಾರ್ಖಾನೆಯ ಪಾಳಿ ಮುಗಿಸಿ ಮಾಡುತ್ತಿದ್ದ. ಅಕ್ಟೋಬರ್ ಹನ್ನೊಂದಕ್ಕೆ ಕೊನೆಯ ಬುಟ್ಟಿ ಹೋಯಿತು. ವಾ ಚೂ ಹೆರ್ ಶನಿವಾರ ಹದಿನೇಳಕ್ಕೆ ಬರುವುದಾಗಿ ಒಪ್ಪಿದರು. ಬ್ಲಿಯಾ ಒಂದು ಕೆಂಪು ಹುಂಜ, ಒಂದು ಕಪ್ಪು ಹೇಟೆ ತರಿಸಿ ಗ್ಯಾರೇಜಿನಲ್ಲಿ ಬುಟ್ಟಿ ಮುಚ್ಚಿಟ್ಟಳು. ಗಂಡನ ಅಂಗಿಗೆ ಇಸ್ತ್ರಿ ಹಾಕಿದಳು. ಆ ಎರಡು ದಿನ ಅವಳ ಮುಖದಲ್ಲಿ ಗೆಲುವಿತ್ತು ಎಂದು ಫೆಂಗ್ ಆಮೇಲೆ ಹೇಳುತ್ತಿದ್ದ. ಅಪ್ಪನಿಗೆ ಗಂಜಿ ಕುಡಿಸುತ್ತ, "ನಾಡಿದ್ದು ನಿನ್ನ ಕರ್ಕೊಂಡು ಬರ್ತೀನಿ. ಹಟ ಮಾಡ್ಬೇಡ, ಕೂಗಿದ ತಕ್ಷಣ ಬಾ," ಎನ್ನುತ್ತಿದ್ದಳಂತೆ.

ಶನಿವಾರ ಬೆಳಿಗ್ಗೆ ಫೆಂಗ್ ಗಾಡಿ ನಿಲ್ಲಿಸಿದಾಗ ಬ್ಲಿಯಾ ಕೆಳಗಿಳಿಯಲಿಲ್ಲ. ಬೇರೆ ಯಾವುದೋ ಜಾಗಕ್ಕೆ ಬಂದಿದ್ದೇವೆ ಎಂದುಕೊಂಡಳು.

ಹೊಲವಿರಲಿಲ್ಲ. ಗುರುವಾರ ಸಂಘದ ಟ್ರ್ಯಾಕ್ಟರ್ ಬಂದು ಹೋಗಿತ್ತು. ಚಳಿಗಾಲಕ್ಕೆ ನೆಲ ಮುಚ್ಚುವ ರೈ ಧಾನ್ಯ ಬಿತ್ತಲು ಪ್ರತಿ ವರ್ಷ ಉಳುತ್ತಿದ್ದರು. ಈ ಸಲ ಹಿಮ ಬೇಗ ಬೀಳುವ ಸೂಚನೆ ಇದ್ದುದರಿಂದ ಹತ್ತು ದಿನ ಮೊದಲೇ ಮುಗಿಸಿದ್ದರು. ಎಲ್ಲರೂ ಸೇರಿ ಕಂಬಗಳನ್ನು ಕಿತ್ತಿದ್ದರು. ಚೆರ್ ಪಾವ್ ಮನೆಯವರಿಗೆ ತೊಂದರೆ ಬೇಡ, ಅವರಿಗೆ ಮನೆಯಲ್ಲೇ ಸಾಕಷ್ಟಿದೆ ಎಂದು ಅವರ ಪಾಲಿನದನ್ನೂ ಪಕ್ಕದವರೇ ಕಿತ್ತು, ಕಟ್ಟಿ, ಶೆಡ್ಡಿನಲ್ಲಿ ಒಪ್ಪವಾಗಿ ಜೋಡಿಸಿಟ್ಟಿದ್ದರು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ. ಮೇಲಿನಿಂದ ಕೆಳಗಿನವರೆಗೆ ಕಪ್ಪು ಮಣ್ಣು ಮಗುಚಿ ಬಿದ್ದಿತ್ತು. ನೀರಿನ ಕೊಳವೆಯನ್ನೂ ಸುತ್ತಿಟ್ಟಿದ್ದರು.

ಬ್ಲಿಯಾ ಇಳಿದು ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡು ನಡೆದಳು. ಶೆಡ್ಡಿನ ಮೂಲೆಯಿಂದ ಹೆಜ್ಜೆ ಹಾಕಿ ನಿಂತಳು. ಅಲ್ಲ ಎಂದು ತಲೆಯಾಡಿಸಿ ವಾಪಸು ಬಂದಳು. ರಸ್ತೆಯ ಕಡೆಯಿಂದ ಹೆಜ್ಜೆ ಹಾಕಿದಳು. ಮಗುಚಿದ ಮಣ್ಣಿನಲ್ಲಿ ಕಾಲು ಹೂತು ಹೆಜ್ಜೆಗಳ ಅಳತೆ ತಪ್ಪುತ್ತಿತ್ತು.

"ಇಲ್ಲೇ ಇರ್ಬೇಕು," ಎಂದಳು.

"ಇರ್ಬೇಕು ಅಂದ್ರೆ ಆಗಲ್ಲ ತಾಯಿ," ಎಂದರು ವಾ ಚೂ ಹೆರ್. "ಇದೇ ಅನ್ನಬೇಕು."

"ಹಾಗಾದ್ರೆ ಇದೇ."

ಅವರು ಅಂಗಿ ಹಾಸಿ, ಮೊಟ್ಟೆ ನಿಲ್ಲಿಸಿ, ಊದುಬತ್ತಿ ಹಚ್ಚಿ ಕರೆದರು. ಕೊಂಬಿನ ಹೋಳುಗಳು ಮೆತ್ತಗಿನ ಮಣ್ಣಿನಲ್ಲಿ ಸದ್ದಿಲ್ಲದೆ ಬಿದ್ದವು. ಇನ್ನೊಂದು ಜಾಗದಲ್ಲಿ ಕರೆದರು. ಮೂರನೆಯ ಜಾಗದಲ್ಲಿ ಕರೆದರು. ಹೊತ್ತು ನೆತ್ತಿಗೆ ಬಂತು. ಕೊನೆಗೆ ಆ ಎಂಬತ್ತು ದಾಟಿದ ಮನುಷ್ಯನ ದನಿ ಒಡೆದು ನಿಂತಾಗ ಬ್ಲಿಯಾ ತಾನೇ ಕೂಗಿದಳು. ಹೆಂಗಸು ಗಂಡನ ಹೆಸರು ಹಿಡಿದು ಕೂಗುವುದಿಲ್ಲ. ಅವಳು ಕೂಗಿದಳು. "ಚೆರ್ ಪಾವ್, ಮನೆಗೆ ನಡಿ. ಕೋಳಿ ತಂದಿದ್ದೀನಿ, ನೋಡು." ಬಯಲು ಅಗಲವಾಗಿತ್ತು, ಮಾತು ಎಲ್ಲೂ ತಾಕಲಿಲ್ಲ. ಫೆಂಗ್ ಗಾಡಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತ.

ಚೆರ್ ಪಾವ್ ನವೆಂಬರ್ ಒಂಬತ್ತರ ಮಧ್ಯಾಹ್ನ ಸತ್ತ. ಹೃದಯ ನಿಂತಿತು ಎಂದು ಕಾಗದದಲ್ಲಿ ಬರೆದರು. ಎಲ್ಲರದೂ ಕೊನೆಗೆ ನಿಲ್ಲುವುದೇ.

ಅಂತ್ಯಸಂಸ್ಕಾರ ನಾಲ್ಕು ದಿನ ನಡೆಯಿತು. ಸತ್ತವನು ಬದುಕಿದ ಊರುಗಳನ್ನು ಕೊನೆಯದರಿಂದ ಮೊದಲನೆಯದಕ್ಕೆ ಒಂದೊಂದಾಗಿ ಹೇಳಿ, ಪ್ರತಿಯೊಂದರಲ್ಲೂ ನೀರು ಬೆಂಕಿಯ ಋಣ ತೀರಿಸಿ, ಹುಟ್ಟಿದ ಮನೆಯವರೆಗೆ ದಾರಿ ತೋರಿಸುವ ಹಾಡು ಹಾಡಬೇಕು. ಹಾಡುವವರು ಊರುಗಳ ಹೆಸರು ಕೇಳಿಕೊಳ್ಳಲು ಬ್ಲಿಯಾಳ ಬಳಿ ಬಂದು ಕುಳಿತರು. ಅವಳು ಒಂದೊಂದಾಗಿ ಹೇಳಿದಳು: ಈ ಮನೆ, ಅದಕ್ಕೆ ಮೊದಲಿನ ಬಾಡಿಗೆ ಮನೆ, ಶಿಬಿರ, ಹೊಳೆಯ ಆಚೆ ದಡ, ಗುಡ್ಡದ ಊರು.

"ಈ ಮನೆಗೂ ಮೊದಲು ಆ ಹೊಲ ಸೇರಿಸಿ," ಎಂದಳು ಕೊನೆಗೆ.

"ಹೊಲದಲ್ಲಿ ಅವನು ವಾಸ ಇರ್ಲಿಲ್ವಲ್ಲ ತಾಯಿ."

"ಜುಲೈಯಿಂದ ಅಲ್ಲೇ ಇದ್ದಾನೆ."

ಪಕ್ಕದಲ್ಲಿ ನೆಂಟರಿಗೆ ಅನ್ನ ಬಡಿಸುತ್ತಿದ್ದ ಗೌನು ಅದನ್ನು ಕೇಳಿಸಿಕೊಂಡಳು. ಫೆಂಗ್‌ನನ್ನು ಹೊರಗೆ ಕರೆದು ಎಲ್ಲವನ್ನೂ ಕೇಳಿ ತಿಳಿದುಕೊಂಡಳು. ಒಳಗೆ ಬಂದು ಅತ್ತೆಯ ಮುಂದೆ ನೆಲದ ಮೇಲೆ ಕುಳಿತಳು. ಅವಳ ಕೈಯಲ್ಲಿ ಇನ್ನೂ ಬಡಿಸುವ ಸೌಟಿತ್ತು.

"ಅತ್ತೆ, ಆ ಜಾಗಕ್ಕೆ ನಾಲ್ಕು ಗೂಟ ನೆಟ್ಟು ಹಗ್ಗ ಕಟ್ಟಿದ್ರೆ ಸಾಕಾಗಿತ್ತು."

ಬ್ಲಿಯಾ ಅವಳನ್ನು ನೋಡಿದಳು.

"ಪ್ರಾಣಿ ಬಂದ ಜಾಗಕ್ಕೆ ಗುರುತು ಹಾಕಿ, ಅಷ್ಟರೊಳಗಿನದು ಕೊಯ್ಯದೆ ಬಿಟ್ರೆ ಆಯ್ತು. ಮಿಕ್ಕಿದ ಹೊಲ ಕೊಯ್ಯಬಹುದು. ನಿಯಮದಲ್ಲೇ ಇದೆ. ನಾಯಿ ಓಡಾಡಿದ ಜಾಗಕ್ಕೆ ಗುರುತು ಹಾಕಿರ್ಲಿಲ್ಲ, ಅದಕ್ಕೇ ಅವತ್ತು ನಿಲ್ಲಿಸಿದ್ರು. ನಾಲ್ಕು ಮಾರು ಜಾಗ ಅತ್ತೆ. ನಾಲ್ಕೇ ಮಾರು ಅಲಸಂದೆ."

"ಬಟ್ಟೆ ಮೇಲೆ ಅದು ಇರ್ಲಿಲ್ಲ."

"ಇರ್ಲಿಲ್ಲ. ಹನ್ನೆರಡು ಚೌಕ ಸಾಕು, ಜಾಸ್ತಿ ಆದ್ರೆ ಜನಕ್ಕೆ ಗೊಂದಲ ಆಗುತ್ತೆ ಅಂತ ಆಫೀಸಿನವರು ಅಂದ್ರು. ನಾನೂ ಹೂಂ ಅಂದೆ." ಗೌನು ಸೌಟನ್ನು ಕೆಳಗಿಟ್ಟಳು. "ಅವತ್ತು ಶೆಡ್ಡಲ್ಲಿ ನೀವು ಕೇಳ್ದಾಗ ನಂಗೆ ಅರ್ಥ ಆಗಿತ್ತು. ಕೋಳಿ ಯಾಕೆ ತರ್ತಾರೆ ಅಂತ ನಂಗೆ ಗೊತ್ತಿಲ್ವಾ? ಪಕ್ಕದಲ್ಲಿ ಆ ಮನುಷ್ಯ ನಿಂತಿದ್ದ. ಇವಳ ಜನ ಹೊಲದಲ್ಲಿ ಕೋಳಿ ಇಟ್ಕೊಂಡು ಏನೋ ಮಾಡ್ತಾರೆ ಅಂತ ಅವನು ಬರ್ಕೋತಾನೆ ಅನ್ನಿಸ್ತು. ನಗಿಸಿಬಿಟ್ಟೆ. ಆಮೇಲೆ ಬಂದು ಕೇಳೋಣ ಅಂದ್ಕೊಂಡೆ. ಬರ್ಲಿಲ್ಲ."

ಆ ಕೋಣೆಯಲ್ಲಿ ಡೋಲು, ಬಿದಿರ ವಾದ್ಯ, ಬಂದುಹೋಗುವವರ ಮಾತು ಎಲ್ಲ ಇತ್ತು.

"ನೀನು ನಗಿಸಿದ್ದಕ್ಕೆ ನಾನೂ ನಕ್ಕೆ," ಎಂದಳು ಬ್ಲಿಯಾ. "ನಗದೆ ಇದ್ದಿದ್ರೆ ನಿನಗೆ ಗೊತ್ತಾಗ್ತಿತ್ತು." ಅಷ್ಟು ಹೇಳಿ, ನೆಲದ ಮೇಲಿದ್ದ ಸೌಟನ್ನು ಎತ್ತಿ ಅವಳ ಕೈಗೆ ಕೊಟ್ಟು, "ಅಲ್ಲಿ ಕೂತವರಿಗೆ ಇನ್ನೂ ಬಡಿಸಿಲ್ಲ," ಎಂದಳು.

ಮರುವಸಂತಕ್ಕೆ ಮುಂಚೆ ಗೌನು ಬಟ್ಟೆಯನ್ನು ತಂದು ಅತ್ತೆಯ ಮುಂದಿಟ್ಟಳು. ಕೋಳಿಯ ಮೇಲಿನ ಗೆರೆ ಬಿಚ್ಚಿಬಿಡಿ ಎಂದಳು. ಬ್ಲಿಯಾ ಒಪ್ಪಲಿಲ್ಲ. ಗೆರೆ ಸುಳ್ಳಲ್ಲ, ಮಕ್ಕಳಿಗೆ ಭೇದಿಯಾಗುವುದೂ ಸುಳ್ಳಲ್ಲ ಎಂದಳು. ಅಂಚಿನ ಪಟ್ಟಿಯನ್ನು ಬಿಚ್ಚಿ ಹದಿಮೂರನೆಯ ಚೌಕವನ್ನು ಜೋಡಿಸಿದಳು: ನಾಲ್ಕು ಗೂಟ, ಸುತ್ತ ಹಗ್ಗ, ಒಳಗೆ ಗೆರೆಯಿಲ್ಲದ ಒಂದು ಕೋಳಿ, ಒಂದು ಮೊಟ್ಟೆ, ಮಡಿಸಿಟ್ಟ ಅಂಗಿ. ಕೋಳಿಯ ಬಾಲಕ್ಕೆ ಈ ಸಲವೂ ಇಪ್ಪತ್ತೊಂದು ಗರಿ. ವಸಂತದ ತರಬೇತಿಯಲ್ಲಿ ಆ ಚೌಕದ ಮುಂದೆ ಗೌನು ನಿಂತಾಗ ಮುದುಕರು ಮುದುಕಿಯರು ಕೇಳಿದ ಪ್ರಶ್ನೆಗಳಿಗೆ ಆ ಮಧ್ಯಾಹ್ನವೆಲ್ಲ ಸಾಲಲಿಲ್ಲ. ಎರಡು ವರ್ಷದಿಂದ ಎಲ್ಲರ ಹೊಟ್ಟೆಯಲ್ಲೂ ಇದ್ದ ಪ್ರಶ್ನೆಗಳು.

ಬ್ಲಿಯಾ ಬಿತ್ತನೆಯ ದಿನ ತನ್ನ ಪಾಲಿನಲ್ಲಿ, ಗಂಡ ಬಿದ್ದ ಜಾಗ ಇದೇ ಇರಬೇಕು ಎಂದುಕೊಂಡಲ್ಲಿ, ನಾಲ್ಕು ಗೂಟ ನೆಟ್ಟು ಹಗ್ಗ ಬಿಗಿದಳು. ಒಳಗೆ ಏನೂ ಬಿತ್ತಲಿಲ್ಲ. ಒಂದು ಹುಂಜ, ಒಂದು ಹೇಟೆ ತಂದು ತಾನೇ ಕರೆದಳು. ಸತ್ತು ಮಣ್ಣಾದವನನ್ನು ಹೀಗೆ ಕರೆಯುವ ಪದ್ಧತಿ ನಮ್ಮಲ್ಲಿಲ್ಲ ಎಂದು ವಾ ಚೂ ಹೆರ್ ಹೇಳಿಕಳಿಸಿದ್ದರು. ಅವಳು ಅವರಿಗೆ ಅನ್ನ, ಮಾಂಸ ಕಳಿಸಿದಳು. ಮಾತು ಕೇಳಲಿಲ್ಲ. ಕೊಂಬಿನ ಹೋಳುಗಳು ಅವಳ ಕೈಯಿಂದಲೂ ಬೀಳಬೇಕಾದ ಹಾಗೆ ಬೀಳಲಿಲ್ಲ.

ಆಗಸ್ಟ್‌ನಲ್ಲಿ ತಪಾಸಣೆಗೆ ಬಂದವನು ಹಗ್ಗದ ಹತ್ತಿರ ನಿಂತು ಇದೇನೆಂದು ಕೇಳಿದ. ಗೌನು, ಪ್ರಾಣಿ ಬಂದ ಜಾಗ, ಗುರುತು ಹಾಕಿದೆ, ಇಲ್ಲಿಂದ ಏನೂ ಕೊಯ್ಯುವುದಿಲ್ಲ ಎಂದಳು. ಅವನು ಸುತ್ತ ನಡೆದು ನೋಡಿ, ಎಲ್ಲ ನಿಯಮದ ಪ್ರಕಾರವೇ ಇದೆ ಎಂದು ಬರೆದುಕೊಂಡ.

ಅದರ ಮರುವರ್ಷ ಬ್ಲಿಯಾ ಗೂಟಗಳನ್ನು ನಾಲ್ಕು ಹೆಜ್ಜೆ ಪೂರ್ವಕ್ಕೆ ಸರಿಸಿ ನೆಟ್ಟಳು.